ಮೂರು ಸಲ ಬಿದ್ದ ಸ್ವಾಮಿಯ ಹಾದಿ

ತಪಸ್ಸುಕಾಲದ ಶುಕ್ರವಾರಗಳಂದು ಕಥೋಲಿಕ ಚರ್ಚುಗಳಲ್ಲಿ ಶಿಲುಬೆಹಾದಿ ನಡೆಯುತ್ತದೆ. ಎಡಬಲದ ಗೋಡೆಗಳ ಮೇಲೆ 14 ಪಟಗಳು. ಜನ ಒಂದೊಂದರ ಮುಂದೂ ನಿಲ್ಲುತ್ತಾರೆ, ಮೊಣಕಾಲೂರುತ್ತಾರೆ, ಪ್ರಾರ್ಥನೆ ಹೇಳಿ ಏಳುತ್ತಾರೆ. ಮೂರನೆಯ ಪಟದಲ್ಲಿ ಶಿಲುಬೆ ಹೊತ್ತ ಯೇಸುಸ್ವಾಮಿ ಬೀಳುತ್ತಾರೆ. ಏಳನೆಯದರಲ್ಲಿ ಮತ್ತೆ ಬೀಳುತ್ತಾರೆ. ಒಂಬತ್ತನೆಯದರಲ್ಲಿ ಇನ್ನೊಮ್ಮೆ. ನಾಲ್ಕೂ ಶುಭಸಂದೇಶಗಳನ್ನು ಜಾಲಾಡಿದರೂ ಈ ಮೂರು ಪ್ರಸಂಗ ಸಿಗುವುದಿಲ್ಲ. ಅವನ್ನು ಸೇರಿಸಿದ್ದು ಭಕ್ತ ಜನ. ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಯೂರೋಪಿನ ತುಂಬ ಹರಡಿದ ಈ ಆಚರಣೆಯಲ್ಲಿ ಪಟಗಳ ಲೆಕ್ಕ ಒಂದೊಂದು ಊರಲ್ಲಿ ಒಂದೊಂದು ಥರ ಇತ್ತು. 1731ರಲ್ಲಿ ಪೋಪ್ 12ನೇ ಕ್ಲೆಮೆಂಟ್ 14 ಎಂದು ಗೊತ್ತುಮಾಡಿದರು. ಬೀಳುವುದು ಮಾತ್ರ ಪಟ್ಟಿಯಲ್ಲಿ ಉಳಿದೇ ಉಳಿಯಿತು. ದೇವರ ಮಗ ಒಂದು ಸಲ ಬಿದ್ದರೆ ಸಾಲದು, ಮೂರು ಸಲ ಬೀಳಬೇಕು ಎಂದು ಜನರಿಗೆ ಯಾಕನ್ನಿಸಿತು? ಸ್ವಂತ ಬದುಕಿನಲ್ಲಿ ಒಂದೇ ಸಲ ಬಿದ್ದವರು ಯಾರೂ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಕಷ್ಟದಲ್ಲಿರುವ ಹುಡುಗ ಹುಡುಗಿಯರಿಗೆ ‘ದೇವರ ಮೇಲೆ ಭಾರ ಹಾಕು’ ಎನ್ನುವುದು ಎಲ್ಲ ಮತಗಳ ಹಿರಿಯರಿಗೂ ಬಾಯಿಪಾಠ. ಕ್ರೈಸ್ತ ಮನೆಗಳಲ್ಲೂ ಅಷ್ಟೇ. ಪಿಯುಸಿಯಲ್ಲಿ ಒಂದು ವಿಷಯ ಹೋಯಿತೆಂದರೆ ಜಪಸರ ಹಿಡಿ, ಕೆಲಸ ಹೋಯಿತೆಂದರೆ ಒಂಬತ್ತು ದಿನದ ಪ್ರಾರ್ಥನೆ ಮಾಡು. ಆ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಭಾರ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ರಾಮನಗರ ಸೀಮೆಯ ಹಳೆಯ ಕನ್ನಡ ಕ್ರೈಸ್ತರ ಬದುಕನ್ನು ನೋಡಿದರೆ ಈ ಪ್ರಶ್ನೆಗೆ ಧರ್ಮಪೀಠದ ಉತ್ತರಕ್ಕಿಂತ ಬೇರೆಯದೇ ಆದ, ಸ್ವಲ್ಪ ಒರಟಾದ ಒಂದು ಉತ್ತರ ಸಿಗುತ್ತದೆ.

ಅದಕ್ಕೆ ಹಾರೋಬೆಲೆಗೆ ಹೋಗಬೇಕು. ಕನಕಪುರ ತಾಲ್ಲೂಕಿನ, ಅರ್ಕಾವತಿ ದಂಡೆಯ ಸೀಮೆಯ ಊರು. ಹತ್ತಿರದಲ್ಲೇ ಅದೇ ಹೆಸರಿನ ಜಲಾಶಯ. ಊರಿನ ಹೆಚ್ಚುಕಡಿಮೆ ಎಲ್ಲ ಮನೆಗಳೂ ಕಥೋಲಿಕರವು. ಹೊಲದ ಕೆಲಸ, ರಾಗಿ, ರೇಷ್ಮೆ, ಹಸು. ಮಾತು ಸುತ್ತಲಿನ ಒಕ್ಕಲು ಮನೆಗಳ ಅದೇ ಕನ್ನಡ. ಬೆಂಗಳೂರಿನಲ್ಲಿ ‘ಕ್ರಿಶ್ಚಿಯನ್’ ಎಂದ ಕೂಡಲೇ ಇಂಗ್ಲಿಷ್ ಶಾಲೆ, ಕೇಕು, ಕ್ವಾಯರ್ ನೆನಪಿಸಿಕೊಳ್ಳುವವರಿಗೆ ಈ ಊರು ಅರ್ಥವಾಗುವುದು ಕಷ್ಟ. ತಮ್ಮ ಬೇರು ಜೆಸ್ವಿತರ ಮೈಸೂರು ಮಿಷನ್ನಿನ ಕಾಲಕ್ಕೆ ಹೋಗುತ್ತದೆ ಎಂದು ಊರವರು ನಂಬುತ್ತಾರೆ. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ ಬರೆದು ಶುರುಮಾಡಿದ ಮಿಷನ್ ಅದು. 1773ರಲ್ಲಿ ರೋಮ್ ಜೆಸ್ವಿತ ಸಭೆಯನ್ನೇ ವಿಸರ್ಜಿಸಿದಾಗ ಮೈಸೂರು ಸೀಮೆಯ ಹಳ್ಳಿಗಳಿಗೆ ಗುರುಗಳೇ ಇಲ್ಲವೆಂಬಂತಾಯಿತು. ಆಮೇಲೆ ಬಂದ ಫ್ರೆಂಚ್ ಮಿಷನರಿಗಳೂ ಬೆರಳೆಣಿಕೆಯಷ್ಟೇ. ವರ್ಷಕ್ಕೊಮ್ಮೆ ಬಲಿಪೂಜೆ ಸಿಕ್ಕರೆ ಪುಣ್ಯ. ನಡುವಿನ ದಿನಗಳಲ್ಲಿ ವಿಶ್ವಾಸವನ್ನು ಹಿಡಿದಿಟ್ಟವರು ಉಪದೇಶಿಗಳು: ಊರಿನವರೇ ಆದ, ಓದು ಬಲ್ಲ, ಮಕ್ಕಳಿಗೆ ಜಪ ಹೇಳಿಕೊಡುವ, ಸತ್ತವರ ಮನೆಯಲ್ಲಿ ಪ್ರಾರ್ಥನೆ ನಡೆಸುವ ಗೃಹಸ್ಥರು. ಇವತ್ತು ಹತ್ತಾರು ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕೊಟ್ಟ ಊರು ಎಂದು ಹಾರೋಬೆಲೆಗೆ ಹೆಸರಿದೆ. ಗುರುಗಳಿಲ್ಲದ ಕಾಲವನ್ನು ದಾಟಿ ಬಂದ ಸಮುದಾಯ ಗುರುಗಳನ್ನು ಕೊಡುವಂತಾದದ್ದು ನನಗೆ ಯಾವ ಪವಾಡಕ್ಕಿಂತ ಕಡಿಮೆಯಾಗಿ ಕಾಣುವುದಿಲ್ಲ.

ಈ ಊರು ಶತಮಾನಕ್ಕೂ ಮೇಲ್ಪಟ್ಟು ಕೈಬಿಡದೆ ಆಡಿಕೊಂಡು ಬಂದಿರುವ ನಾಟಕವೊಂದಿದೆ. ಯೇಸುವಿನ ಪಾಡು, ಮರಣದ ಕಥೆ; ಊರವರ ಬಾಯಲ್ಲಿ ಅದು ‘ಮಹಿಮೆ’. ಶುಭ ಶುಕ್ರವಾರದ ಹೊತ್ತಿಗೆ ಸುತ್ತಮುತ್ತಲಿಂದ ಸಾವಿರಾರು ಮಂದಿ ಸೇರುತ್ತಾರೆ. ರಾಮನಗರದ ಬಂಡೆಗಳೆಂದರೆ ಗಬ್ಬರ್ ಸಿಂಗ್ ಎನ್ನುವಷ್ಟು ‘ಶೋಲೆ’ ನಮ್ಮ ತಲೆಯಲ್ಲಿ ಕೂತಿದೆ. ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಆ ಸಿನಿಮಾ ಹುಟ್ಟುವ ಎಷ್ಟೋ ವರ್ಷ ಮೊದಲಿಂದ ನಡೆಯುತ್ತಿರುವ ಆಟದ ಸುದ್ದಿ ಮಂಡ್ಯ ದಾಟಿದವರಿಗೆ ಗೊತ್ತಿಲ್ಲ.

ಹಳ್ಳಿ ನಾಟಕ ಎಂದರೆ ಏನೆಂದು ಕಂಡವರಿಗೆ ಗೊತ್ತು. ಹಗಲು ಹೊಲ, ರಾತ್ರಿ ತಾಲೀಮು. ಒಬ್ಬನಿಗೆ ಮಾತು ಮರೆಯುತ್ತದೆ, ಇನ್ನೊಬ್ಬನಿಗೆ ಗಂಟಲು ಕಟ್ಟುತ್ತದೆ. ಆದರೆ ಪಾಡಿನ ನಾಟಕದಲ್ಲಿ ಇನ್ನೊಂದು ತೊಡಕಿದೆ: ಯಾರಾದರೂ ಯೇಸುವನ್ನು ಹಿಡಿದುಕೊಟ್ಟ ಯೂದನಾಗಬೇಕು. ಯಾರಾದರೂ ಪೇತ್ರನಾಗಿ, ಕೋಳಿ ಕೂಗುವ ಮೊದಲು ಸ್ನೇಹಿತನನ್ನು ‘ಅರಿಯೆ’ ಎನ್ನಬೇಕು. ಯಾರಾದರೂ ಚಾಟಿ ಹಿಡಿಯಬೇಕು. ಯೇಸುವಿನ ಪಾತ್ರ ಒಬ್ಬನಿಗೇ, ಉಳಿದ ಪಾತ್ರಗಳೆಲ್ಲ ಕೈಬಿಟ್ಟವರವು, ಹೆದರಿದವರವು, ಸುಮ್ಮನೆ ನಿಂತು ನೋಡಿದವರವು. ಹದಿನೆಂಟರ ಹುಡುಗನೊಬ್ಬ ತನ್ನೂರಿನ ಜನರೆದುರು ಪೇತ್ರನಾಗಿ ಅತ್ತರೆ ಅವನಿಗೆ ಭಾನುವಾರದ ಧರ್ಮೋಪದೇಶದ ಹತ್ತು ತರಗತಿಗಳಿಗಿಂತ ಹೆಚ್ಚಿನದೇನೋ ಒಳಗೆ ಇಳಿಯುತ್ತದೆ ಎಂದು ನನ್ನ ಅನುಮಾನ. ವಿಶ್ವಾಸಿಗಳೇ ಸೋತ ಕಥೆಯನ್ನು ವಿಶ್ವಾಸಿಗಳೇ ವರ್ಷವರ್ಷ ಆಡುತ್ತಾರೆ, ಮತ್ತು ಆ ಸೋತ ಪೇತ್ರನ ಮೇಲೆಯೇ ಸಭೆ ನಿಂತಿದೆ ಎಂದು ನಂಬುತ್ತಾರೆ.

ಊರಿನ ಬಳಿಯ ಗುಡ್ಡಕ್ಕೆ ಕಪಾಲಬೆಟ್ಟ ಎಂದು ಹೆಸರು. 2019ರ ಕ್ರಿಸ್ಮಸ್ ದಿನ ಅಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಡಿ.ಕೆ. ಶಿವಕುಮಾರ್ ಶಂಕುಸ್ಥಾಪನೆ ಮಾಡಿದರು. 10 ಎಕರೆ ಜಮೀನಿನ ಪತ್ರವನ್ನೂ ಪ್ರತಿಮೆ ನಿಲ್ಲಿಸುವ ಟ್ರಸ್ಟಿಗೆ ಕೊಟ್ಟರು. ಮುಂದಿನದು ಎಲ್ಲರಿಗೂ ನೆನಪಿದೆ. ಅದು ಮುನೇಶ್ವರನ ಬೆಟ್ಟ ಎಂಬ ವಾದ ಎದ್ದಿತು, ಗೋಮಾಳವನ್ನು ಹೀಗೆ ಕೊಡಬಹುದೇ ಎಂಬ ಪ್ರಶ್ನೆ ಬಂತು, 2020ರ ಜನವರಿ 13ರಂದು ಪ್ರತಿಮೆ ವಿರೋಧಿಗಳ ‘ಕನಕಪುರ ಚಲೋ’ ನಡೆಯಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆ ಜಗಳದ ನ್ಯಾಯಾನ್ಯಾಯ ಇಲ್ಲಿನ ವಿಷಯವಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಟಿವಿಯವರ ಕ್ಯಾಮೆರಾ, ಪೊಲೀಸ್ ವ್ಯಾನು, ಫೇಸ್‌ಬುಕ್ಕಿನ ಬೈಗುಳ ಎಲ್ಲ ಒಟ್ಟಿಗೆ ಬಂದು ಬಿದ್ದದ್ದು ಒಂದು ಸಣ್ಣ ಊರಿನ ಮೇಲೆ. ತಲೆಮಾರುಗಳಿಂದ ಪಕ್ಕದೂರಿನ ಮದುವೆಗೆ ಹೋಗಿ ಉಂಡು ಬರುತ್ತಿದ್ದ ಮನೆಗಳ ಹುಡುಗರು ಇದ್ದಕ್ಕಿದ್ದಂತೆ ‘ನೀವು ಎಲ್ಲಿಯವರು’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಪ್ರತಿಮೆ ನಿಲ್ಲುವುದು ಬಿಡುವುದು ರಾಜಕೀಯದವರ ಲೆಕ್ಕ. ಈ ಪ್ರಶ್ನೆ ಕೇಳಿಸಿಕೊಂಡ ಹುಡುಗನ ಎದೆಯೊಳಗೆ ಏನಾಯಿತು ಎಂಬುದು ಗುರುಗಳ, ತಾಯಂದಿರ ಲೆಕ್ಕ.

ಅದಾದ ಎರಡೇ ತಿಂಗಳಿಗೆ ಕೊರೊನಾ. ಆ ವರ್ಷದ ಶುಭ ಶುಕ್ರವಾರ ಏಪ್ರಿಲ್ 10ರಂದು ಬಂತು. ದೇಶವೆಲ್ಲ ಲಾಕ್‌ಡೌನ್, ಚರ್ಚುಗಳ ಬಾಗಿಲು ಮುಚ್ಚಿತ್ತು. ಶಿಲುಬೆಹಾದಿಯನ್ನು ಜನ ಮನೆಯಲ್ಲೇ ಮಾಡಿದರು, ಮೊಬೈಲ್ ಮುಂದೆ ಮೊಣಕಾಲೂರಿ. ನಂತರದ ವರ್ಷದ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಸ್ಮಶಾನಗಳಲ್ಲಿ ಸರತಿ ನಿಂತಿತು. ರಾಮನಗರ ಸೀಮೆ ಸೇರಿರುವ ಬೆಂಗಳೂರು ಮಹಾಧರ್ಮಪ್ರಾಂತ್ಯದ ಯುವ ಸ್ವಯಂಸೇವಕರ ಗುಂಪೊಂದು, ‘ಹಿಯರ್ ಐ ಆಮ್’ ಎಂದು ಹೆಸರಿಟ್ಟುಕೊಂಡು, ಹೆಣಗಳನ್ನು ಗೌರವದಿಂದ ಮಣ್ಣು ಮಾಡುವ ಕೆಲಸಕ್ಕೆ ಇಳಿಯಿತು. ಕಾಲೇಜಿನವರು, ಐಟಿ ಕೆಲಸದವರು. ಪ್ಲಾಸ್ಟಿಕ್ ಗೌನಿನೊಳಗೆ ಬೆವರು ಇಳಿದು ಬೂಟಿನಲ್ಲಿ ನಿಲ್ಲುವ ಮಧ್ಯಾಹ್ನಗಳಲ್ಲಿ ಹಗ್ಗ ಹಿಡಿದು ಪೆಟ್ಟಿಗೆ ಇಳಿಸುವುದು, ಬರಲಾಗದ ಬಂಧುಗಳಿಗೆ ವಿಡಿಯೊ ಕರೆಯಲ್ಲಿ ತೋರಿಸುವುದು. ಯಾವ ಪ್ರವಚನವೂ ಇದಕ್ಕೆ ಅವರನ್ನು ತಯಾರು ಮಾಡಿರಲಾರದು. ವಿಶ್ವಾಸ ಮೊದಲು ಗಟ್ಟಿಯಾಗಿ ಆಮೇಲೆ ಕೆಲಸಕ್ಕೆ ಇಳಿದರೋ, ಕೆಲಸಕ್ಕೆ ಇಳಿದ ಮೇಲೆ ವಿಶ್ವಾಸ ಗಟ್ಟಿಯಾಯಿತೋ? ಎರಡನೆಯದೇ ಹೆಚ್ಚು ನಿಜ ಎಂದು ನನ್ನ ಅಂದಾಜು.

ಶಿಲುಬೆಹಾದಿಯ ಐದನೆಯ ಪಟ ಇಲ್ಲಿ ನೆನಪಾಗುತ್ತದೆ. ಸಿರೇನೆಯ ಸೀಮೋನ ಹೊಲದ ಕಡೆಯಿಂದ ಊರಿಗೆ ಬರುತ್ತಿದ್ದವನು. ಅವನು ಶಿಷ್ಯನಲ್ಲ, ಸ್ವಂತ ಇಷ್ಟದಿಂದ ಬಂದವನೂ ಅಲ್ಲ. ಸಿಪಾಯಿಗಳು ಹಿಡಿದು ತಂದು ಶಿಲುಬೆಗೆ ಹೆಗಲು ಕೊಡಿಸಿದರು. ಮೂರನೆಯ ಪಟದಲ್ಲಿ ಬಿದ್ದ ಯೇಸುವನ್ನು ನಾಲ್ಕನೆಯದರಲ್ಲಿ ತಾಯಿ ಕಾಣುತ್ತಾಳೆ, ಐದನೆಯದರಲ್ಲಿ ದಾರಿಹೋಕ ಹೆಗಲು ಕೊಡುತ್ತಾನೆ, ಆರನೆಯದರಲ್ಲಿ ಒಬ್ಬ ಹೆಂಗಸು ಮುಖ ಒರೆಸುತ್ತಾಳೆ. ಆದರೂ ಏಳನೆಯದರಲ್ಲಿ ಮತ್ತೆ ಬೀಳುತ್ತಾರೆ! ಇದನ್ನು ಜೋಡಿಸಿದವರು ಬಲು ತಿಳಿದವರು. ನೆರವು ಸಿಕ್ಕ ಕೂಡಲೇ ಕಷ್ಟ ಮುಗಿಯುತ್ತದೆ ಎಂಬ ಸುಳ್ಳನ್ನು ಅವರು ಹೇಳಲಿಲ್ಲ.

ಈಗಿನ ಸುಳ್ಳುಗಳ ಕಡೆ ಬರೋಣ. ಒಂದು ಸುಳ್ಳು ಬಾಡಿಗೆ ಹಾಲ್‌ಗಳಲ್ಲಿ, ಯೂಟ್ಯೂಬಿನಲ್ಲಿ, ಕೀಬೋರ್ಡಿನ ಅಬ್ಬರದ ನಡುವೆ ಮೊಳಗುತ್ತದೆ: ನಂಬಿದರೆ ಕೆಲಸ ಸಿಗುತ್ತದೆ, ವೀಸಾ ಬರುತ್ತದೆ, ಸಾಲ ತೀರುತ್ತದೆ. ಎಲ್ಲ ಪ್ರಾರ್ಥನಾ ಸಭೆಗಳೂ ಹೀಗಲ್ಲ. ಪಟ್ಟಣದ ಅಂಚಿನಲ್ಲಿ ಕೂಲಿಯವರ ಕುಡಿತ ಬಿಡಿಸಿ ಸಂಸಾರ ನಿಲ್ಲಿಸಿದ ಸಣ್ಣ ಸಭೆಗಳೂ ಇವೆ. ಆದರೆ ಬೆಲೆಪಟ್ಟಿ ಹಿಡಿದು ಬರುವ ದೇವರು ಯುವಕರಿಗೆ ಅಪಾಯ. ಕೆಲಸ ಸಿಗದಿದ್ದಾಗ ಹುಡುಗ ಎರಡು ಪಟ್ಟು ಸೋಲುತ್ತಾನೆ: ಕೆಲಸವೂ ಇಲ್ಲ, ಜೊತೆಗೆ ‘ನನ್ನ ನಂಬಿಕೆಯೇ ಸಾಲದು’ ಎಂಬ ಹಳಹಳಿ. ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಪಾಡು ತಪ್ಪಲಿ ಎಂದೇ ಬೇಡಿಕೊಂಡದ್ದು, ಅದು ತಪ್ಪಲಿಲ್ಲ. ಅವರ ನಂಬಿಕೆ ಸಾಲದಾಗಿತ್ತೇ?

ಇನ್ನೊಂದು ಸುಳ್ಳು ಹಳೆಯದು, ಮೆಲುದನಿಯದು, ಹಾಗಾಗಿ ಹೆಚ್ಚು ಕೆಟ್ಟದ್ದು. ‘ದೇವರ ಚಿತ್ತ, ಸಹಿಸಿಕೋ’. ರಾಮನಗರದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಗೂಡು ಬೇಯುವ ಬಿಸಿನೀರಿಗೆ ದಿನವಿಡೀ ಕೈಯಾಡಿಸಿ ಎಳೆ ಹುಡುಕುವವರ ಬೆರಳುಗಳನ್ನು ಒಮ್ಮೆ ನೋಡಬೇಕು. ಚರ್ಮ ಬಿಳಿಚಿ, ಸೀಳಿ, ಉಗುರಿನ ಸುತ್ತ ಹುಣ್ಣು. ಎರಡು ದಶಕದ ಹಿಂದೆ ಆ ನೀರಿನ ಮುಂದೆ ಕೂತಿದ್ದವರಲ್ಲಿ ಮಕ್ಕಳೂ ಇದ್ದರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿ ಕರ್ನಾಟಕದ ರೇಷ್ಮೆಯಲ್ಲಿ ಜೀತಕ್ಕಿದ್ದ ಮಕ್ಕಳ ಕಥೆಯನ್ನು ಜಗತ್ತಿಗೆ ತೋರಿಸಿತು. ಅಂಥ ಮಗುವಿಗೆ ಸಹಿಸಿಕೋ ಎನ್ನುವುದು ವಿಶ್ವಾಸವಲ್ಲ, ಸಾಹುಕಾರನ ಪರ ವಕಾಲತ್ತು. ಕುಡಿದು ಹೊಡೆಯುವ ಗಂಡನ ಮನೆಗೆ ಮಗಳನ್ನು ‘ಶಿಲುಬೆ ಹೊರು ತಾಯಿ’ ಎಂದು ವಾಪಸು ಕಳಿಸುವುದೂ ಇದೇ ಜಾತಿಯದು.

ಬೈಬಲ್ ಸ್ವತಃ ಇಷ್ಟು ಸಾಧುವಾಗಿಲ್ಲ. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಾಟ, ದೂರು, ದೇವರೊಡನೆ ನೇರ ಜಗಳ. ಎಲ್ಲವನ್ನೂ ಕಳೆದುಕೊಂಡ ಯೋಬನ ಕಥೆಯಲ್ಲಿ ಮೂವರು ಗೆಳೆಯರು ಅವನನ್ನು ಸಂತೈಸಲು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಬಾಯಿ ಬಿಡದೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ಕೆಟ್ಟಿತು: ನೀನು ಏನೋ ತಪ್ಪು ಮಾಡಿರಬೇಕು, ಅದಕ್ಕೇ ಈ ಶಿಕ್ಷೆ. ಕೊನೆಗೆ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಾದಿಸಿದ ಈ ಗೆಳೆಯರ ಮೇಲೆ. ನಮ್ಮ ಯುವಕೂಟಗಳಲ್ಲಿ ಯೋಬನ ತಾಳ್ಮೆಯ ಬಗ್ಗೆ ಎಷ್ಟು ಪ್ರವಚನವಾಗುತ್ತದೋ ಅವನ ಜಗಳದ ಬಗ್ಗೆ ಅದರ ಅರ್ಧವಾದರೂ ಆಗಬಾರದೇ?

ಪ್ರಾರ್ಥನೆ ಇದ್ದರೆ ಔಷಧ ಬೇಡ ಎನ್ನುವವರಿಗೆ ಮೈಸೂರು ಸೀಮೆಯ ಇತಿಹಾಸದಲ್ಲೇ ಉತ್ತರವಿದೆ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕಡೆ ಕೆಲಸ ಮಾಡಿದ ಫ್ರೆಂಚ್ ಗುರು ಅಬ್ಬೆ ದುಬೊಯ್ ಸಿಡುಬಿಗೆ ದಾಕು ಹಾಕಿಸುವ ಕೆಲಸವನ್ನು ಕೈಗೆತ್ತಿಕೊಂಡ. ಜೆನ್ನರ್ ಆ ಲಸಿಕೆಯನ್ನು ಪ್ರಯೋಗಿಸಿ ಏಳೆಂಟೇ ವರ್ಷ ಕಳೆದಿತ್ತು. 1803–04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ದಾಕು ಹಾಕಿಸಿದ ಲೆಕ್ಕ ಅವನದು. ಮುಂದೆ 1876–78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಾಗ ಮಿಷನ್ನುಗಳು ಗಂಜಿಕೇಂದ್ರ, ಅನಾಥಾಲಯ ತೆರೆದವು. ನೆಲಮಂಗಲ ಕಡೆಯ ಸಿಲುವೇಪುರದಂಥ ಊರು ಹುಟ್ಟಿದ್ದೇ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೆ ನೆಲ, ನೇಗಿಲು ಕೊಟ್ಟು ನೆಲೆ ಮಾಡುವುದಕ್ಕೆ. ಮತಾಂತರದ ಲೆಕ್ಕಾಚಾರ ಅದರಲ್ಲಿರಲಿಲ್ಲ ಎಂದರೆ ಸುಳ್ಳಾದೀತು, ಗಂಜಿ ಸುಳ್ಳಾಗಿರಲಿಲ್ಲ. ಇವತ್ತಿನ ಹುಡುಗಿಯೊಬ್ಬಳು ರಾತ್ರಿ ನಿದ್ದೆ ಬರುತ್ತಿಲ್ಲ, ಬದುಕುವುದೇ ಬೇಡವೆನಿಸಿದೆ ಎಂದರೆ ಜಪಸರದ ಜೊತೆಗೆ ನಿಮ್ಹಾನ್ಸಿನ ದಾರಿಯನ್ನೂ ಹೇಳಬೇಕು. ಕನಕಪುರದಿಂದ ಬೆಂಗಳೂರು ಒಂದೇ ಬಸ್ಸಿನ ದೂರ. ಅಷ್ಟೂ ಆಗದಿದ್ದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಚರ್ಚಿನ ಸೂಚನಾ ಫಲಕದಲ್ಲಿ ಹಬ್ಬದ ವರಾಡದ ಪಟ್ಟಿಯ ಪಕ್ಕ ಈ ಅಂಕಿ ಅಂಟಿಸಲು ಬಿಷಪರ ಅಪ್ಪಣೆಯೇನೂ ಬೇಕಿಲ್ಲ.

ಯುವಕರ ಕಷ್ಟಗಳಾದರೂ ಯಾವುವು? ಕ್ರೈಸ್ತರಿಗೆಂದೇ ಬೇರೆಯಾಗಿ ಬಂದವು ಕೆಲವು, ಎಲ್ಲರಿಗೂ ಬಂದವೇ ಹೆಚ್ಚು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿದಾಗ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದರ ಕುಸಿದು ಹಿಪ್ಪುನೇರಳೆ ಕಿತ್ತುಹಾಕಿದವರಲ್ಲಿ ಎಲ್ಲ ಮತದವರೂ ಇದ್ದರು. ಬೆಂಗಳೂರಿನ ಕೊಚ್ಚೆ ವೃಷಭಾವತಿಯಾಗಿ ಹರಿದು ಅರ್ಕಾವತಿಗೆ ಸೇರುವಾಗ ಯಾರ ಹೊಲ ಎಂದು ಕೇಳುವುದಿಲ್ಲ. ಕಾವೇರಿ ಕಾಡಿನಿಂದ ರಾಗಿಗೆ ಇಳಿಯುವ ಆನೆಯೂ ಕೇಳುವುದಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಮಕ್ಕಳು ಉಳಿಯುತ್ತಿಲ್ಲ. ಮಾಗಡಿಯ ಹುಡುಗರು ಬೆಳಗಿನ ಬಸ್ಸಿಗೆ ಬೆಂಗಳೂರಿನ ಗೋದಾಮುಗಳಿಗೆ ಹೋಗುತ್ತಾರೆ. 2020ರ ನವೆಂಬರಿನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟು ಆದಾಗ ತಿಂಗಳುಗಟ್ಟಲೆ ಕಂತು ಕಟ್ಟಲಾಗದೆ ಒದ್ದಾಡಿದ ಮನೆಗಳು ಸುತ್ತಲ ಎಲ್ಲ ಊರಲ್ಲೂ ಇದ್ದವು.

ಬೇರೆಯಾಗಿ ಬಂದವು ಕಾಗದದ ರೂಪದವು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕ ವಿನಾಯಿತಿ ಕ್ರೈಸ್ತರಿಗೆ ಸಿಕ್ಕಿಲ್ಲ. ರಾಜ್ಯದ ಮೀಸಲಾತಿ ಪಟ್ಟಿಯಲ್ಲಿ ಅಂಥವರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿಗೆ ಕ್ರಿಶ್ಚಿಯನ್ ಎಂದು ಅಂಟಿದ್ದ ಹತ್ತಾರು ಹೆಸರುಗಳು ಗದ್ದಲವಾದ ಮೇಲೆ ಮರೆಗೆ ಸರಿದವು. ತಲೆಮಾರಿನಿಂದ ‘ನಾವು ಇಂಥವರು, ಯೇಸುವಿನವರು’ ಎರಡನ್ನೂ ಒಟ್ಟಿಗೆ ಹೇಳಿಕೊಂಡು ಬಂದ ಮನೆಯ ಹುಡುಗ ಯಾವ ಕಾಲಮ್ಮಿನಲ್ಲಿ ಬರೆಸಬೇಕು? ರಾಮನಗರ ಜಿಲ್ಲೆಗೇ 2025ರ ಮೇನಲ್ಲಿ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು ಬಂದಿರುವುದರಿಂದ ಹೆಸರಿನ ಗೊಂದಲ ಅವನೊಬ್ಬನದೇ ಅಲ್ಲ ಎಂದು ಸಮಾಧಾನ ಪಡಬಹುದು! ಇಂಥ ಕಡೆ ಧರ್ಮಕೇಂದ್ರದ ಯುವಸಂಘಗಳು ಮಾಡಬಹುದಾದ ಕೆಲಸ ಬಹಳ ಸಾದಾ: ಅರ್ಜಿ ತುಂಬಿಸುವುದು, ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುವುದು, ವಿದ್ಯಾರ್ಥಿವೇತನದ ಕೊನೆಯ ದಿನಾಂಕ ನೆನಪಿಸುವುದು. ಅಲ್ಲಿ ಸೀಮೋನನ ಕೆಲಸಕ್ಕೆ ಶಿಲುಬೆಯೇ ಬೇಕಿಲ್ಲ, ಒಂದು ಬೈಕು ಸಾಕು.

ಯುವಕನಿಗೆ ಧೈರ್ಯ ಹೇಳಿದ ಕ್ರೈಸ್ತ ಬರಹಗಳಲ್ಲಿ ಹಳೆಯದು, ದೊಡ್ಡದು ಎಂದರೆ ತಿಮೊಥೆಯನಿಗೆ ಬಂದ ಎರಡು ಪತ್ರಗಳು. ಪ್ರೇಷಿತ ಪೌಲನ ಹೆಸರಿನವು. ಎರಡನೆಯದು ಜೈಲಿನಿಂದ ಬರೆದದ್ದು, ಮರಣ ಹತ್ತಿರದಲ್ಲಿದೆ. ವಿಶ್ವಾಸ, ತಾಳ್ಮೆ, ಓಟ, ಕಿರೀಟದ ಭಾಗಗಳನ್ನು ಯುವಕೂಟಗಳಲ್ಲಿ ಎಲ್ಲರೂ ಓದುತ್ತಾರೆ. ಅದರ ಕೊನೆಯ ಅರ್ಧಪುಟವನ್ನು ಯಾರೂ ಓದುವುದಿಲ್ಲ. ಅಲ್ಲಿ ಪೌಲ ಜಂಬ ಬಿಟ್ಟು ಮಾತಾಡುತ್ತಾನೆ: ಎಲ್ಲರೂ ಬಿಟ್ಟುಹೋದರು, ಕಂಚುಗಾರನೊಬ್ಬ ತುಂಬ ಕೇಡು ಮಾಡಿದ, ಹುಷಾರಾಗಿರು. ಚಳಿಗಾಲ ಬರುವ ಮುಂಚೆ ಬಂದುಬಿಡು. ತ್ರೋವದಲ್ಲಿ ಒಬ್ಬರ ಮನೆಯಲ್ಲಿ ಬಿಟ್ಟುಬಂದ ಹೊದಿಕೆ ತಾ, ಪುಸ್ತಕ ತಾ. ಮತ್ತೆ ಮಾರ್ಕನನ್ನೂ ಕರೆತಾ, ಅವನು ನನಗೆ ಬೇಕು ಎನ್ನುತ್ತಾನೆ. ಈ ಮಾರ್ಕ ಯಾರು? ಪೌಲನ ಮೊದಲ ಪ್ರಯಾಣದಲ್ಲಿ ಪಂಫುಲ್ಯದಿಂದ ನಡುದಾರಿಯಲ್ಲೇ ಮನೆಗೆ ವಾಪಸಾದ ಹುಡುಗ. ಮುಂದಿನ ಸಲ ಅವನನ್ನು ಸೇರಿಸಿಕೊಳ್ಳಲು ಪೌಲ ಒಪ್ಪಲಿಲ್ಲ. ಆ ಜಗಳಕ್ಕೆ ಜೊತೆಗಾರ ಬಾರ್ನಬನೂ ಪೌಲನೂ ಬೇರೆ ಬೇರೆ ದಾರಿ ಹಿಡಿದರು. ವರ್ಷಗಳ ಮೇಲೆ ಅದೇ ಪೌಲ ಅದೇ ಹುಡುಗನಿಗೆ ಹೇಳಿಕಳಿಸುತ್ತಿದ್ದಾನೆ. ಬಿಟ್ಟುಹೋದದ್ದಕ್ಕೆ ಕ್ಷಮಿಸಿದ್ದೇನೆ ಎಂಬ ದೊಡ್ಡಸ್ತಿಕೆಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಇಲ್ಲಿ ಕೆಲಸವಿದೆ, ಬಾ ಎಂಬಷ್ಟೇ ಇದೆ. ನಾಲ್ಕು ಶುಭಸಂದೇಶಗಳಲ್ಲಿ ಮೊದಲು ಬರೆದದ್ದು ಯಾವುದು ಎಂದು ವಿದ್ವಾಂಸರನ್ನು ಕೇಳಿದರೆ ಬಹುಪಾಲು ಮಂದಿ ಹೇಳುವುದು ಇದೇ ಮಾರ್ಕನ ಹೆಸರಿನದನ್ನು.